ತೀರ್ಪಿಗೆ ಕಟ್ಟಿದ ಭರವಸೆ: ಜಾತಿ ದೌರ್ಜನ್ಯದ ವಿರುದ್ಧ ದುಡಿಯುವವರು ದಣಿಯುವುದೇಕೆ?

ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 2024ರ ಅಕ್ಟೋಬರ್ 24ರಂದು ಒಂದೇ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ಹಲ್ಲೆ ನಡೆಸಿ, ಗುಡಿಸಲುಗಳಿಗೆ ಬೆಂಕಿ ಹಚ್ಚಿದ ಪ್ರಕರಣವದು. ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಬಿಟ್ಟುಕೊಳ್ಳದಿರುವುದನ್ನು ಪ್ರಶ್ನಿಸಿದ್ದು ಆ ವೈಷಮ್ಯದ ಹಿಂದಿತ್ತು. ಇಷ್ಟು ಜನರಿಗೆ ಒಟ್ಟಿಗೆ ಶಿಕ್ಷೆಯಾದದ್ದು ದೇಶದಲ್ಲೇ ಅಪರೂಪ. ಆದರೆ ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ 97 ಮಂದಿಗೆ ಜಾಮೀನು ನೀಡಿತು.

ಹಾಗಾದರೆ ಶಿಕ್ಷೆ ರದ್ದಾಯಿತೇ? ಹತ್ತು ವರ್ಷ ನಡೆದ ಖಟ್ಲೆ ಮೂರೇ ವಾರದಲ್ಲಿ ತಲೆಕೆಳಗಾಯಿತೇ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇಂತಹದೇ ಪ್ರಕರಣಗಳ ಬೆನ್ನು ಹತ್ತಿರುವವರಿಗೆ ಈ ಪ್ರಶ್ನೆ ತುಸು ಹೆಚ್ಚೇ ತಾಗುತ್ತದೆ. ಬೆಳಗಾವಿ ಮತ್ತು ಬಾಗಲಕೋಟೆಯ ಮೇಲ್ಮನವಿಗಳು ಹೋಗುವುದೂ ಅದೇ ಧಾರವಾಡ ಪೀಠಕ್ಕೆ; ವಿಜಯಪುರದವು ಕಲಬುರಗಿ ಪೀಠಕ್ಕೆ. ಮರಕುಂಬಿಯಲ್ಲಿ ಆದದ್ದು ನಾಳೆ ತಮ್ಮ ತಾಲ್ಲೂಕಿನಲ್ಲೂ ಆಗಬಹುದು ಎಂದು ಅವರಿಗೆ ಗೊತ್ತು. ಕಾನೂನಿನ ಗೊಂದಲವನ್ನು ಬಿಡಿಸುವುದು ಕಷ್ಟವೇನಲ್ಲ. ಅದರ ಹಿಂದಿರುವ ಇನ್ನೊಂದು ಪ್ರಶ್ನೆ ಹೆಚ್ಚು ಗಂಭೀರವಾದದ್ದು: ಹೀಗೆ ಏರಿ ಇಳಿಯುವ ಸುದ್ದಿಗಳ ನಡುವೆ, ವರ್ಷಗಟ್ಟಲೆ ಈ ಕೆಲಸ ಮಾಡುವವರ ಮನಸ್ಸು ಮತ್ತು ಮೈ ಹೇಗೆ ಉಳಿಯಬೇಕು?

ಜಾಮೀನು ಬೇರೆ, ಖುಲಾಸೆ ಬೇರೆ

ಮೊದಲು ಸುದ್ದಿಯನ್ನೇ ನೋಡೋಣ. ಕೆಳಗಿನ ನ್ಯಾಯಾಲಯ ಶಿಕ್ಷೆ ವಿಧಿಸಿದ ಮೇಲೆ ಅಪರಾಧಿಗೆ ಮೇಲ್ಮನವಿ ಸಲ್ಲಿಸುವ ಹಕ್ಕಿದೆ. ಮೇಲ್ಮನವಿ ತೀರ್ಮಾನವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡುವ ಅಧಿಕಾರ ಹೈಕೋರ್ಟಿಗಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 389ನೇ ಕಲಮು ಇದನ್ನು ಹೇಳುತ್ತಿತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 430ನೇ ಕಲಮು ಹೇಳುತ್ತದೆ. ಅಮಾನತಿನಲ್ಲಿರುವುದು ಶಿಕ್ಷೆ ಮಾತ್ರ. ಅಪರಾಧಿ ಎಂಬ ತೀರ್ಮಾನ ಹಾಗೆಯೇ ನಿಂತಿರುತ್ತದೆ, ಮೇಲ್ಮನವಿಯಲ್ಲಿ ಅದನ್ನು ರದ್ದುಗೊಳಿಸುವವರೆಗೂ. ಆರೋಪಿಗಳ ಸಂಖ್ಯೆ ದೊಡ್ಡದಿದ್ದಾಗ ಪ್ರತಿಯೊಬ್ಬರ ಪಾತ್ರವನ್ನು ಸಾಕ್ಷ್ಯ ಪ್ರತ್ಯೇಕವಾಗಿ ತೋರಿಸುತ್ತದೆಯೇ ಎಂಬ ಪ್ರಶ್ನೆ ಮೇಲಿನ ನ್ಯಾಯಾಲಯದಲ್ಲಿ ಸಹಜವಾಗಿ ಏಳುತ್ತದೆ. ಮೇಲ್ಮನವಿ ಬೇಗ ಮುಗಿಯುವ ಲಕ್ಷಣವಿಲ್ಲದಿದ್ದರೆ ಅದೂ ಜಾಮೀನಿನ ಕಡೆಗೇ ತೂಗುತ್ತದೆ.

ಇನ್ನೊಂದು ಗೊಂದಲವೂ ಇತ್ತು. ಆ 98 ಮಂದಿಯಲ್ಲದೆ ದೋಷಿಗಳಾದ ಇನ್ನೂ ಮೂವರಿಗೆ ಐದು ವರ್ಷದ ಶಿಕ್ಷೆ ಮಾತ್ರ ಆಯಿತು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆ, 1989 ಅನ್ವಯವಾಗುವುದು ಆ ಸಮುದಾಯಗಳಿಗೆ ಸೇರದ ಆರೋಪಿಗಳಿಗೆ. ಆ ಮೂವರು ಪರಿಶಿಷ್ಟ ಸಮುದಾಯದವರೇ ಆಗಿದ್ದರಿಂದ ಅವರ ಮೇಲೆ ಉಳಿದದ್ದು ಸಾಮಾನ್ಯ ದಂಡಸಂಹಿತೆಯ ಆರೋಪಗಳು ಮಾತ್ರ.

ಕಾನೂನಿನ ಲೆಕ್ಕದಲ್ಲಿ ಇದೆಲ್ಲ ಸರಿ. ಊರಿನ ಲೆಕ್ಕ ಬೇರೆ. ಸಾಕ್ಷಿ ಹೇಳಿದವರು ಮತ್ತು ಶಿಕ್ಷೆಗೊಳಗಾದವರು ಮತ್ತೆ ಅದೇ ಬಸ್ ನಿಲ್ದಾಣದಲ್ಲಿ ಎದುರಾಗುತ್ತಾರೆ. ಊರಿಗೆ ಬಂದವರನ್ನು ಹಾರ ಹಾಕಿ ಬರಮಾಡಿಕೊಂಡರೆ ಅದನ್ನು ಗೆಲುವೆಂದೇ ಜನ ಓದುತ್ತಾರೆ. 'ಶಿಕ್ಷೆ ಅಮಾನತು' ಎಂಬ ಸೂಕ್ಷ್ಮವನ್ನು ಆ ಹೊತ್ತಿನಲ್ಲಿ ಕೇರಿಯ ಜನರಿಗೆ ವಿವರಿಸಬೇಕಾದವರು ಯಾರು? ನ್ಯಾಯಾಧೀಶರೂ ಅಲ್ಲ, ಸರ್ಕಾರಿ ಅಭಿಯೋಜಕರೂ ಅಲ್ಲ. ಹತ್ತು ವರ್ಷ ಜೊತೆಗಿದ್ದ ಸಂಘಟನೆಯ ಕಾರ್ಯಕರ್ತ. 'ನಿಮ್ಮ ಮಾತು ಕೇಳಿ ಸಾಕ್ಷಿ ಹೇಳಿದೆವು, ಈಗೇನು?' ಎಂಬ ಪ್ರಶ್ನೆ ಬಂದು ಬೀಳುವುದು ಅವರ ಮೇಲೆ.

ಒಂದು ದೂರು ಸಾಗುವ ಹಾದಿ

ದಣಿವು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಒಂದು ದೂರಿನ ಹಾದಿಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಬೇಕು. ಬೆಳಗಾವಿ ಜಿಲ್ಲೆಯ ಅಥಣಿ ಕಡೆಯದೋ ವಿಜಯಪುರ ಜಿಲ್ಲೆಯ ಇಂಡಿ ಕಡೆಯದೋ ಒಂದು ಹಳ್ಳಿ ಎಂದುಕೊಳ್ಳಿ. ಕ್ಷೌರದಂಗಡಿಯಲ್ಲಿ ಕೇರಿಯ ಹುಡುಗನಿಗೆ ಕುರ್ಚಿ ಕೊಡುವುದಿಲ್ಲ. ಅವನು ಜಗಳ ತೆಗೆಯುತ್ತಾನೆ, ಪೆಟ್ಟು ಬೀಳುತ್ತದೆ. ಠಾಣೆಗೆ ಹೋದರೆ ಮೊದಲು ಕೇಳಿಬರುವ ಮಾತು ರಾಜಿಯದು. 'ಒಂದೇ ಊರಿನವರು, ಕೂತು ಮಾತಾಡಿಕೊಳ್ಳಿ.' ಎಫ್‌ಐಆರ್ ದಾಖಲಾಗುವಷ್ಟರಲ್ಲಿ ಎದುರಿನವರಿಂದ ಪ್ರತಿದೂರು ಬಂದಿರುತ್ತದೆ: ಹಲ್ಲೆ, ಜೀವಬೆದರಿಕೆ, ಕೆಲವೊಮ್ಮೆ ಕಳ್ಳತನ. ದೂರು ಕೊಟ್ಟ ಹುಡುಗನೇ ಈಗ ಆರೋಪಿ. ಅವನ ಜಾಮೀನಿಗೆ ಶ್ಯೂರಿಟಿ ಹುಡುಕುವುದು ಕಾರ್ಯಕರ್ತರ ಮೊದಲ ಕೆಲಸವಾಗುತ್ತದೆ.

ದೌರ್ಜನ್ಯ ತಡೆ ಕಾಯ್ದೆಯ ನಿಯಮಗಳ ಪ್ರಕಾರ ತನಿಖೆ ನಡೆಸಬೇಕಾದವರು ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ, 60 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗಬೇಕು. ಪರಿಹಾರ ಅಪರಾಧಕ್ಕೆ ತಕ್ಕಂತೆ 85,000 ರೂಪಾಯಿಯಿಂದ 8.25 ಲಕ್ಷದವರೆಗೆ, ಅದೂ ಕಂತುಗಳಲ್ಲಿ. ಮೊದಲ ಕಂತಿಗೆ ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಎಫ್‌ಐಆರ್ ಪ್ರತಿ. ಗಾಯವಾಗಿದ್ದರೆ ವೈದ್ಯಕೀಯ ಪ್ರಮಾಣಪತ್ರ. ಒಂದು ಹೆಸರಿನಲ್ಲಿ ಒಂದಕ್ಷರ ಆಚೀಚೆಯಾದರೆ ಕಡತ ಸಮಾಜ ಕಲ್ಯಾಣ ಇಲಾಖೆಯ ಮೇಜಿನ ಮೇಲೆಯೇ ಕೂತಿರುತ್ತದೆ. ಅಥಣಿಯಿಂದ ಜಿಲ್ಲಾ ಕೇಂದ್ರ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು.

ಅಷ್ಟರಲ್ಲಿ ಊರಿನಲ್ಲಿ ಬಹಿಷ್ಕಾರ ಶುರುವಾಗಿರುತ್ತದೆ. ಯಾರೂ ಡಂಗುರ ಸಾರುವುದಿಲ್ಲ. ಹಿಟ್ಟಿನ ಗಿರಣಿಯವನು ಕರೆಂಟ್ ಇಲ್ಲ ಎನ್ನುತ್ತಾನೆ, ಕಿರಾಣಿ ಅಂಗಡಿಯವನು ಉದ್ರಿ ನಿಲ್ಲಿಸುತ್ತಾನೆ, ಹೊಲದ ಕೆಲಸಕ್ಕೆ ಕರೆ ಬರುವುದಿಲ್ಲ. ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು 2015ರ ತಿದ್ದುಪಡಿ ಸ್ಪಷ್ಟವಾಗಿ ಅಪರಾಧವೆಂದು ಸೇರಿಸಿದೆ. ಆದರೆ ಗಿರಣಿಯಲ್ಲಿ ಕರೆಂಟ್ ಇತ್ತೆಂದು ಸಾಬೀತು ಮಾಡುವವರಾರು?

ಇಲ್ಲಿ ನಮ್ಮ ಸೀಮೆಗೇ ವಿಶಿಷ್ಟವಾದ ಒಂದು ತೊಡಕಿದೆ, ಬೆಂಗಳೂರಿನಲ್ಲಿ ಕೂತು ನೋಡಿದರೆ ಅದು ಕಾಣುವುದಿಲ್ಲ. ದಸರೆ ದೀಪಾವಳಿ ಆಸುಪಾಸಿನಲ್ಲಿ ಕಬ್ಬಿನ ಹಂಗಾಮು ಆರಂಭವಾಗುತ್ತದೆ. ವಿಜಯಪುರ, ಬಾಗಲಕೋಟೆಯ ಕೇರಿ ಮತ್ತು ತಾಂಡಾಗಳಿಂದ ಗ್ಯಾಂಗುಗಳು ಮುಂಗಡ ಪಡೆದು ಕಬ್ಬು ಕಡಿಯಲು ಹೋಗುತ್ತವೆ. ಇನ್ನಷ್ಟು ಕುಟುಂಬಗಳು ಗೋವಾ, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ. ಸಾಕ್ಷಿಯ ಸಮನ್ಸ್ ಬರುವಾಗ ಮನೆಗೆ ಬೀಗ ಬಿದ್ದಿರುತ್ತದೆ. ತಾರೀಖಿಗೆ ಬಾರದ ಸಾಕ್ಷಿಗೆ ವಾರಂಟ್ ಹೊರಡುತ್ತದೆ, ಪ್ರಕರಣ ಮುಂದಕ್ಕೆ ಹೋಗುತ್ತದೆ. ಫೋನ್ ಮಾಡಿ, ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನ ಮನವೊಲಿಸಿ, ಬಸ್ ಚಾರ್ಜು ಕೊಟ್ಟು ಆ ಸಾಕ್ಷಿಯನ್ನು ಕರೆತರುವುದೂ ಕಾರ್ಯಕರ್ತರ ಪಾಲಿಗೇ.

ಕಾಯ್ದೆ ಇದನ್ನು ಊಹಿಸಿಲ್ಲ ಎನ್ನುವಂತಿಲ್ಲ. ಸಂತ್ರಸ್ತರಿಗೂ ಸಾಕ್ಷಿಗಳಿಗೂ ಪ್ರಯಾಣ ವೆಚ್ಚ, ದಿನಭತ್ಯೆ ಕೊಡಬೇಕೆಂದು 1995ರ ನಿಯಮಗಳಲ್ಲಿದೆ. 2015ರಲ್ಲಿ ಸೇರಿದ 15ಎ ಕಲಮು ಇನ್ನೂ ಮುಂದೆ ಹೋಗಿ, ಸ್ವಯಂಸೇವಾ ಸಂಸ್ಥೆ, ಸಾಮಾಜಿಕ ಕಾರ್ಯಕರ್ತರು ಅಥವಾ ವಕೀಲರ ನೆರವು ಪಡೆಯುವುದು ಸಂತ್ರಸ್ತರ ಹಕ್ಕು ಎಂದು ಹೇಳುತ್ತದೆ. ಅಂದರೆ ಕಾರ್ಯಕರ್ತರಿಲ್ಲದೆ ಈ ಕಾಯ್ದೆ ನಡೆಯುವುದಿಲ್ಲ ಎಂದು ಸಂಸತ್ತೇ ಒಪ್ಪಿಕೊಂಡಿದೆ. ಆ ಕಾರ್ಯಕರ್ತ ಏನು ತಿನ್ನುತ್ತಾನೆ, ರಾತ್ರಿ ಯಾವ ವಸ್ತಿ ಬಸ್ಸಿಗೆ ಮನೆ ಸೇರುತ್ತಾನೆ, ಅವನ ಮೇಲೆಯೇ ಹಲ್ಲೆಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂಬುದರ ಬಗ್ಗೆ ಕಾಯ್ದೆ ಮೌನವಾಗಿದೆ.

ದಣಿವಿನಿಂದ ಖುಲಾಸೆಯವರೆಗೆ

ಕಾರ್ಯಕರ್ತರ ದಣಿವು ಅವರ ಸ್ವಂತ ವಿಷಯ, ಬೇಕಿದ್ದರೆ ನಾಲ್ಕು ದಿನ ಮನೆಯಲ್ಲಿರಲಿ ಎಂಬ ಮಾತು ಸಾಮಾನ್ಯ. ಅದು ತಪ್ಪೆಂದು ತೋರಿಸಲು ಕಾರಣ ಮತ್ತು ಪರಿಣಾಮಗಳ ಸರಪಣಿಯನ್ನು ಬಿಡಿಸಿದರೆ ಸಾಕು.

ವಿಚಾರಣೆ ಎಳೆದಷ್ಟೂ ಸಾಕ್ಷಿಯ ಮೇಲೆ ಒತ್ತಡ ಹೆಚ್ಚುತ್ತದೆ. ಒಬ್ಬನೇ ಇದ್ದಾಗ ಒತ್ತಡಕ್ಕೆ ಮಣಿಯುವ ಸಾಕ್ಷಿ, ಜೊತೆಗೊಬ್ಬರು ಇದ್ದರೆ ನಿಲ್ಲುತ್ತಾನೆ. ಜೊತೆಗಿದ್ದವರು ದಣಿದು ಹಿಂದೆ ಸರಿದರೆ ಅವನು ನ್ಯಾಯಾಲಯದಲ್ಲಿ 'ನನಗೇನೂ ಗೊತ್ತಿಲ್ಲ' ಎನ್ನುತ್ತಾನೆ, ಅಭಿಯೋಜಕರು ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸುತ್ತಾರೆ, ಆರೋಪಿಗಳು ಖುಲಾಸೆಯಾಗುತ್ತಾರೆ. ಆ ಖುಲಾಸೆಯನ್ನೇ ಹಿಡಿದು 'ಇದು ಸುಳ್ಳು ಕೇಸು' ಎಂಬ ಪ್ರಚಾರ ನಡೆಯುತ್ತದೆ. ಮುಂದಿನ ಸಲ ದೂರು ಕೊಡಲು ಬಂದವನನ್ನು ಠಾಣೆ ಅದೇ ಅನುಮಾನದಿಂದ ನೋಡುತ್ತದೆ. ಅವನ ದೂರು ದಾಖಲಾಗಿಸಲು ಮೊದಲಿಗಿಂತ ಎರಡು ಪಟ್ಟು ಓಡಾಟ ಬೇಕಾಗುತ್ತದೆ, ಓಡಾಡಲು ಉಳಿದವರು ಮೊದಲಿಗಿಂತ ಕಡಿಮೆ.

ಕೋಲಾರ ಸೀಮೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ದಲಿತರನ್ನು ಜೀವಂತ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ಸತ್ಯ, ಕೊಂದವರು ಕಾನೂನಿನ ಕಣ್ಣಿಗೆ ಯಾರೂ ಇಲ್ಲ. ಮರಕುಂಬಿಯಲ್ಲಿ ಕೆಳ ನ್ಯಾಯಾಲಯ ಬೇರೆ ತೀರ್ಮಾನಕ್ಕೆ ಬರಲು ಒಂದು ಮುಖ್ಯ ಕಾರಣ, ಹತ್ತು ವರ್ಷ ಕಳೆದರೂ ಹೇಳಿಕೆಗೆ ಅಂಟಿಕೊಂಡ ಸಾಕ್ಷಿಗಳು ಅಲ್ಲಿ ಉಳಿದಿದ್ದರು.

2022ರಲ್ಲಿ ಪರಿಶಿಷ್ಟ ಜಾತಿಗಳ ಮೇಲಿನ ಅಪರಾಧಗಳೆಂದು ದೇಶದಲ್ಲಿ ದಾಖಲಾದ ಪ್ರಕರಣಗಳು 57,582. ನಮ್ಮ ರಾಜ್ಯದಲ್ಲಿ ಶಿಕ್ಷೆಯ ಪ್ರಮಾಣ ತೀರಾ ಕಡಿಮೆ ಎಂದು ಮುಖ್ಯಮಂತ್ರಿಗಳೇ ಪರಿಶೀಲನಾ ಸಭೆಗಳಲ್ಲಿ ಮತ್ತೆ ಮತ್ತೆ ಆಕ್ಷೇಪಿಸಿದ್ದಾರೆ. ಆ ಆಕ್ಷೇಪ ಪೊಲೀಸರಿಗೆ, ಅಭಿಯೋಜಕರಿಗೆ ಸಲ್ಲುವುದು ನಿಜ. ಸಾಕ್ಷಿಯನ್ನು ಹತ್ತು ವರ್ಷ ಹಿಡಿದು ನಿಲ್ಲಿಸುವ ಮನುಷ್ಯಬಲದ ಪ್ರಶ್ನೆಯನ್ನು ಮಾತ್ರ ಯಾವ ಸಭೆಯೂ ಕೈಗೆತ್ತಿಕೊಳ್ಳುವುದಿಲ್ಲ.

ವರ್ಣಭೇದದ ವಿರುದ್ಧ ದುಡಿಯುವವರಲ್ಲೂ ಇದೇ

ದೀರ್ಘಕಾಲದ ಕೆಲಸದಿಂದ ಮನಸ್ಸು ಬತ್ತಿಹೋಗುವ ಸ್ಥಿತಿಯನ್ನು ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ ಇದಕ್ಕೆ ಜಾಗ ಕೊಟ್ಟಿತು, ಕಾಯಿಲೆಯೆಂದಲ್ಲ, ದುಡಿಮೆಗೆ ಸಂಬಂಧಿಸಿದ ಸ್ಥಿತಿಯೆಂದು. ಶಕ್ತಿ ಬಸಿದುಹೋಗುವುದು, ಕೆಲಸದ ಬಗ್ಗೆ ನಿರ್ಲಿಪ್ತಿ ಅಥವಾ ಕಹಿ, ತನ್ನಿಂದೇನೂ ಆಗುತ್ತಿಲ್ಲ ಎಂಬ ಭಾವ ಅದರ ಲಕ್ಷಣಗಳು. ಅಮೆರಿಕದಲ್ಲಿ ಕಪ್ಪು ಜನರು ದಿನನಿತ್ಯ ಎದುರಿಸುವ ವರ್ಣಭೇದ ಮೈಮನಸ್ಸುಗಳನ್ನು ಯುದ್ಧಭೂಮಿಯ ಸೈನಿಕನಂತೆ ಬಳಲಿಸುತ್ತದೆ ಎಂದು ವಿಲಿಯಂ ಸ್ಮಿತ್ ಎಂಬ ವಿದ್ವಾಂಸರು ಎರಡು ದಶಕಗಳ ಹಿಂದೆಯೇ ತೋರಿಸಿದರು. ವರ್ಣಭೇದದ ವಿರುದ್ಧ ಕೆಲಸ ಮಾಡುವವರನ್ನೇ ಮಾತನಾಡಿಸಿದ ಪಾಲ್ ಗೋರ್ಸ್ಕಿ ಕಂಡುಕೊಂಡ ಸಂಗತಿ ನಮಗೆ ಇನ್ನೂ ಹತ್ತಿರದ್ದು. ಹೊರಗಿನ ವಿರೋಧಕ್ಕಿಂತ ಚಳವಳಿಯ ಒಳಗಿನ ಜಗಳ ಮತ್ತು ತಮ್ಮವರೇ ನಡೆಸಿಕೊಂಡ ರೀತಿ ಹಲವರನ್ನು ಹೆಚ್ಚು ಮುರಿದಿತ್ತು.

ಏರಿಳಿತವೂ ಅಲ್ಲಿ ನಮ್ಮಲ್ಲಿಯಂತೆಯೇ. ಜಾರ್ಜ್ ಫ್ಲಾಯ್ಡ್ ಹತ್ಯೆಯಾದ 2020ರಲ್ಲಿ ಬೀದಿಗಿಳಿದ ಲಕ್ಷಾಂತರ ಜನರನ್ನು ಕಂಡು ಕಾಲವೇ ಬದಲಾಯಿತು ಎಂದುಕೊಂಡವರು, 2023ರಲ್ಲಿ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ ತಡೆ ಹಾಕಿದ್ದನ್ನೂ, 2025ರಲ್ಲಿ ವೈವಿಧ್ಯಕ್ಕೆ ಸಂಬಂಧಿಸಿದ ಸರ್ಕಾರಿ ಕಾರ್ಯಕ್ರಮಗಳು ಮುಚ್ಚಿಹೋದದ್ದನ್ನೂ ನೋಡಬೇಕಾಯಿತು.

ಜಾತಿಯನ್ನು ವರ್ಣಭೇದಕ್ಕೆ ಹೋಲಿಸುವುದು ಸರಿಯೇ ಎಂಬ ವಾದ ವರ್ಣಭೇದದ ವಿರುದ್ಧ ವಿಶ್ವಸಂಸ್ಥೆ ನಡೆಸಿದ 2001ರ ಡರ್ಬನ್ ಸಮ್ಮೇಳನದಲ್ಲಿ ಜೋರಾಗಿ ನಡೆದಿತ್ತು. ದಲಿತ ಸಂಘಟನೆಗಳು ಜಾತಿಯನ್ನೂ ಚರ್ಚೆಗೆ ತರಬೇಕೆಂದವು, ಭಾರತ ಸರ್ಕಾರ ವಿರೋಧಿಸಿತು. ಎರಡೂ ಒಂದೇ ಅಲ್ಲ. ಆದರೆ ಬೆಳಗಾವಿ ಜಿಲ್ಲೆಗೆ ಎರಡೂ ಹೊರಗಿನವಲ್ಲ. ಖಾನಾಪುರದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, ಅದೇ ಜನಾಂಗದ ಬೆಳಗಾವಿ ಮತ್ತು ಧಾರವಾಡದವರಿಗೆ ಸಿಕ್ಕಿದ್ದು 2020ರಲ್ಲಿ. ನಡುವಿನ ಹದಿನೇಳು ವರ್ಷ, ಜಿಲ್ಲೆಯ ಗಡಿಯ ಈಚೆ ಹುಟ್ಟಿದ ತಪ್ಪಿಗೆ ಒಂದು ಪೀಳಿಗೆಯ ಮಕ್ಕಳು ಆ ಸೌಲಭ್ಯವಿಲ್ಲದೆ ಶಾಲೆ ಮುಗಿಸಿದರು.

ಒಳಗಿನ ಬಿರುಕು

ಗೋರ್ಸ್ಕಿ ಹೇಳಿದ ಒಳಜಗಳ ಈಗ ನಮ್ಮಲ್ಲಿ ಒಳಮೀಸಲಾತಿಯ ರೂಪದಲ್ಲಿ ಎದುರು ನಿಂತಿದೆ. ಪರಿಶಿಷ್ಟ ಜಾತಿಗಳೊಳಗೆ ಉಪವರ್ಗೀಕರಣ ಮಾಡಬಹುದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಆಗಸ್ಟ್ 1ರಂದು ಹೇಳಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿಯ ನಂತರ 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಶೇಕಡ 17ರ ಮೀಸಲಾತಿಯನ್ನು ಎಡಗೈ, ಬಲಗೈ ಮತ್ತು ಉಳಿದ ಸಮುದಾಯಗಳ ನಡುವೆ 6, 6, 5 ಎಂದು ಹಂಚಲು ತೀರ್ಮಾನಿಸಿತು. ಮಾದಿಗ ಮೊದಲಾದ ಎಡಗೈ ಸಮುದಾಯಗಳಿಗೆ ಮೂರು ದಶಕಗಳ ಹೋರಾಟಕ್ಕೆ ಸಿಕ್ಕ ಫಲವಿದು. ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆಗೆ ಒಂದೇ ಗುಂಪಿಗೆ ಸೇರಿಸಲ್ಪಟ್ಟ ಅಲೆಮಾರಿಗಳು ತಮಗೆ ಪ್ರತ್ಯೇಕ ಶೇಕಡ 1 ಬೇಕೆಂದು ಬೀದಿಗಿಳಿದರು.

ತಾಂಡಾಗಳು ಹೆಚ್ಚಿರುವ ವಿಜಯಪುರದಂತಹ ಜಿಲ್ಲೆಯಲ್ಲಿ ಇದರ ಪರಿಣಾಮ ನೇರ. ನಿನ್ನೆಯವರೆಗೆ ದೌರ್ಜನ್ಯದ ಪ್ರಕರಣಕ್ಕೆ ಒಟ್ಟಾಗಿ ಧರಣಿ ಕೂತವರು ಇಂದು ಬೇರೆ ಬೇರೆ ಪೆಂಡಾಲಿನಲ್ಲಿ ಕೂರುತ್ತಾರೆ. ಈ ಭಿನ್ನಾಭಿಪ್ರಾಯವನ್ನು ದ್ರೋಹವೆಂದು ಕರೆಯುವುದು ಅನ್ಯಾಯ. ಪಾಲು ಸಿಗದವರು ಪಾಲು ಕೇಳುವುದು ಹೋರಾಟದ ಮುಂದುವರಿಕೆಯೇ. ಆದರೆ 1970ರ ದಶಕದಲ್ಲಿ ಒಂದಾಗಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಬಣಬಣವಾಗಿ ಒಡೆದ ಇತಿಹಾಸವನ್ನು ಬಲ್ಲವರಿಗೆ, ಒಡಕಿನ ಬೆಲೆಯನ್ನು ಕೊನೆಗೆ ತೆರುವುದು ಯಾರೆಂದೂ ಗೊತ್ತು. ಹಳ್ಳಿಯ ದೂರುದಾರನಿಗೆ ಯಾವ ಬಣದ ಬಾಗಿಲು ಬಡಿಯಬೇಕೆಂದೇ ತಿಳಿಯದೆ ಹೋಗುತ್ತದೆ.

ವಿಶ್ರಾಂತಿ ಕೇಳುವುದು ತಪ್ಪೇ? ಎದುರುಬದುರಾದ ವಾದಗಳು

ಹಿರಿಯ ಹೋರಾಟಗಾರರಲ್ಲಿ ಹಲವರು ಈ ಚರ್ಚೆಯನ್ನೇ ಒಪ್ಪುವುದಿಲ್ಲ. ಊರಾಚೆ ಬದುಕುವವನಿಗೆ ರಜೆ ಇಲ್ಲ, ಅವನ ಪರ ದುಡಿಯುವವನಿಗೇಕೆ ಎಂಬುದು ಅವರ ವಾದ. ಸೈಕಲ್ ತುಳಿದು, ಚುರುಮುರಿ ತಿಂದು ಸಂಘಟನೆ ಕಟ್ಟಿದವರ ಮಾತಿದು, ಅದಕ್ಕೆ ತೂಕವಿದೆ. ಕಿರಿಯರು ಬೇರೆ ಮಾತು ಹೇಳುತ್ತಾರೆ: ನಿದ್ದೆಯಿಲ್ಲದೆ, ಮನೆಯವರಿಂದ ದೂರವಾಗಿ, ಕುಡಿತಕ್ಕೆ ಬಿದ್ದು ನಲವತ್ತೈದಕ್ಕೇ ಹೋದ ಸಂಗಾತಿಗಳನ್ನು ನೋಡಿದ್ದೇವೆ, ಅದನ್ನು ತ್ಯಾಗವೆಂದು ಕೊಂಡಾಡುವುದು ಸಾಕು.

ಇವೆರಡಕ್ಕಿಂತ ಸೂಕ್ಷ್ಮವಾದ ಇನ್ನೊಂದು ಆಕ್ಷೇಪವಿದೆ. ಮನಸ್ಸಿನ ಆರೋಗ್ಯದ ಮಾತು ಹೆಚ್ಚಾದಷ್ಟೂ ಸಮಾಜದ ರೋಗವನ್ನು ವ್ಯಕ್ತಿಯ ತಲೆಗೆ ಕಟ್ಟಿದಂತಾಗುತ್ತದೆ ಎಂಬುದು. ಠಾಣೆ ಎಫ್‌ಐಆರ್ ದಾಖಲಿಸಲಿಲ್ಲ, ನೀವು ಧ್ಯಾನ ಮಾಡಿ ಎಂದರೆ ಅದು ಪರಿಹಾರವಲ್ಲ, ಅವಮಾನ. ಈ ಆಕ್ಷೇಪ ಸರಿಯಾದದ್ದು, ಮತ್ತು ದಣಿವಿನ ಮೂಲವನ್ನು ಅದೇ ತೋರಿಸಿಕೊಡುತ್ತದೆ. ಮೇಲೆ ಹೇಳಿದ ಹಾದಿಯಲ್ಲಿ ಕಾರ್ಯಕರ್ತನನ್ನು ದಣಿಸಿದ್ದು ಅವನ ಮನೋದೌರ್ಬಲ್ಯವಲ್ಲ. ಸಮನ್ಸ್ ತಲುಪದಿರುವುದು, ಭತ್ಯೆ ಬಾರದಿರುವುದು, ಪ್ರತಿದೂರನ್ನು ಪರಿಶೀಲಿಸದೆ ದಾಖಲಿಸುವುದು. ಇವನ್ನು ಸರಿಪಡಿಸುವುದೇ ಮೊದಲ ಮದ್ದು.

ಹಾಗೆಂದು ಅದು ಸರಿಯಾಗುವವರೆಗೆ ಮನುಷ್ಯ ಕಾಯಲಾರ. ಹಲ್ಲೆಯ ದೃಶ್ಯವನ್ನು ಪದೇ ಪದೇ ಕೇಳಿ, ಬರೆದುಕೊಂಡು, ಹೇಳಿಸಿ ನಿದ್ದೆ ಕಳೆದುಕೊಂಡವರಿಗೆ ಇಂದೇ ನೆರವು ಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರಗಳಿಗೆ ಮನೋವೈದ್ಯರು ಬರುತ್ತಾರೆ. ಧಾರವಾಡದ ಡಿಮ್ಹಾನ್ಸ್ ಈ ಭಾಗಕ್ಕೆ ಹತ್ತಿರದ ದೊಡ್ಡ ಸಂಸ್ಥೆ. ಅಲ್ಲಿಗೆ ಹೋದರೆ 'ಹುಚ್ಚಾಸ್ಪತ್ರೆಗೆ ಹೋದ' ಎನ್ನುವ ಊರಿನ ಬಾಯಿಗೆ ಹೆದರಿ ಹೋಗದವರೇ ಹೆಚ್ಚು. ನಾಯಕನೊಬ್ಬ ಬಹಿರಂಗವಾಗಿ ಹೋಗಿ ಬಂದರೆ ಹತ್ತು ಜನರ ಹೆದರಿಕೆ ಬಿಡುತ್ತದೆ.

ಸವದತ್ತಿ ಸೀಮೆಯ ಅನುಭವ

ಇದೇ ನೆಲದಲ್ಲಿ ದೀರ್ಘಕಾಲ ಬಾಳಿದ ಒಂದು ಕೆಲಸವನ್ನು ನೋಡಿದರೆ ಭರವಸೆ ಎಲ್ಲಿಂದ ಬರುತ್ತದೆಂಬುದಕ್ಕೆ ಸುಳಿವು ಸಿಗುತ್ತದೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ರಾಜ್ಯದಲ್ಲಿ 1982ರಲ್ಲಿ ಬಂತು. ಸವದತ್ತಿಯ ಎಲ್ಲಮ್ಮನ ಗುಡ್ಡದ ಸುತ್ತ, ಗೋಕಾಕ, ಚಿಕ್ಕೋಡಿ, ರಾಯಬಾಗ ಸೀಮೆಗಳಲ್ಲಿ ಮುತ್ತು ಕಟ್ಟುವ ಪದ್ಧತಿ ಕಾಯ್ದೆಯಿಂದಷ್ಟೇ ನಿಲ್ಲಲಿಲ್ಲ. ಗುಡ್ಡದ ಮೇಲೆ ಪೊಲೀಸರು ಬಂದರೆ ಮನೆಯಲ್ಲಿ ಗುಟ್ಟಾಗಿ ಕಟ್ಟಿದರು. 1990ರ ದಶಕದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆ ಬೆಳಗಾವಿ ಜಿಲ್ಲೆಯಲ್ಲಿ ನಡೆಸಿದ ಯೋಜನೆ ಮುಗಿಯುತ್ತ ಬಂದಾಗ, 1997ರಲ್ಲಿ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ರೂಪುಗೊಂಡಿತು. ಅದನ್ನು ನಡೆಸಿದವರು ಮಾಜಿ ದೇವದಾಸಿಯರೇ. ಅವರ ಮುಂದಾಳು ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಆ ಕೆಲಸ ಬಾಳಲು ಕಾರಣಗಳು ಕಣ್ಣಿಗೆ ಕಾಣುವಂತಿವೆ. ಸ್ವಸಹಾಯ ಸಂಘದ ವಾರದ ಉಳಿತಾಯವಿದ್ದುದರಿಂದ ಬಂದವಳ ಕೈಯಲ್ಲಿ ನಾಲ್ಕು ಕಾಸಿತ್ತು. ವಾರಕ್ಕೊಮ್ಮೆ ಕೂರುವ ರೂಢಿಯಿದ್ದುದರಿಂದ ನೋವು ಒಬ್ಬಳ ಎದೆಯಲ್ಲೇ ಉಳಿಯಲಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಅವರ ಗೆಲುವಿನ ಅಳತೆ ನ್ಯಾಯಾಲಯದ ತೀರ್ಪಾಗಿರಲಿಲ್ಲ. ಈ ವರ್ಷ ಈ ಓಣಿಯಲ್ಲಿ ಯಾವ ಹುಡುಗಿಗೆ ಮುತ್ತು ಕಟ್ಟಲಿಲ್ಲ, ಯಾವಳು ಹೈಸ್ಕೂಲಿಗೆ ಹೋದಳು ಎಂಬುದನ್ನು ಎಣಿಸಬಹುದಿತ್ತು. ಕಾನೂನಿನ ಗೆಲುವು ನಿಧಾನವಾಗಿ ಹಿಂದಿನಿಂದ ಬಂತು: ದೇವದಾಸಿಯರ ಮಕ್ಕಳ ಹಕ್ಕುಗಳನ್ನು ಒಳಗೊಂಡ ಹೊಸ ಮಸೂದೆಯನ್ನು ವಿಧಾನಮಂಡಲ ಅಂಗೀಕರಿಸಿದ್ದು 2025ರ ಆಗಸ್ಟ್‌ನಲ್ಲಿ, ಹಳೆಯ ಕಾಯ್ದೆಯ 43 ವರ್ಷಗಳ ಮೇಲೆ. ಆ ದಿನಕ್ಕಾಗಿ ಕೈಕಟ್ಟಿ ಕಾದಿದ್ದರೆ ಕಾಯುವವರೇ ಉಳಿಯುತ್ತಿರಲಿಲ್ಲ.

ಇನ್ನೂ ಹಿಂದೆ ಹೋದರೂ ಇದೇ ಪಾಠ. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಕೆಲವೇ ತಿಂಗಳಲ್ಲಿ, 1925ರ ಏಪ್ರಿಲ್‌ನಲ್ಲಿ, ಅದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಬಹಿಷ್ಕೃತ ವರ್ಗಗಳ ಪರಿಷತ್ತಿಗೆ ಅಂಬೇಡ್ಕರ್ ಬಂದರು. ಅಧಿವೇಶನದ ಶತಮಾನೋತ್ಸವಕ್ಕೆ ಬೆಳಗಾವಿ ದೀಪಗಳಿಂದ ಝಗಮಗಿಸಿತು, ನಿಪ್ಪಾಣಿಯ ಶತಮಾನಕ್ಕೂ ಅಷ್ಟೇ ಬೆಳಕು ಸಲ್ಲಬೇಕಿತ್ತು. ಎರಡು ವರ್ಷಗಳ ನಂತರ, 1927ರ ಮಾರ್ಚ್‌ನಲ್ಲಿ, ಅಂಬೇಡ್ಕರ್ ದಲಿತರಿಗೆ ಬಿಡದಿದ್ದ ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದರು. ಎದುರಾಳಿಗಳು ದಾವೆ ಹೂಡಿದರು. ಬಾಂಬೆ ಹೈಕೋರ್ಟ್ ದಲಿತರ ಪರ ತೀರ್ಪು ಕೊಟ್ಟದ್ದು 1937ರ ಮಾರ್ಚ್‌ನಲ್ಲಿ. ಆ ಹತ್ತು ವರ್ಷಗಳಲ್ಲಿ ಅವರು ವಿದ್ಯಾರ್ಥಿನಿಲಯ ಕಟ್ಟಿಸಿದರು, ಪತ್ರಿಕೆ ನಡೆಸಿದರು, ದುಂಡುಮೇಜಿನ ಪರಿಷತ್ತಿಗೆ ಹೋಗಿಬಂದರು, ಪಕ್ಷ ಕಟ್ಟಿದರು. ದಾವೆ ಅವರ ಹಲವು ಕೆಲಸಗಳಲ್ಲಿ ಒಂದಾಗಿತ್ತು.

ಮುಂದೆ ಆಗಬಹುದಾದದ್ದು

ಮರಕುಂಬಿಯ ಮೇಲ್ಮನವಿಯಲ್ಲಿ ಮೂರು ಸಾಧ್ಯತೆಗಳಿವೆ. ಶಿಕ್ಷೆ ಹಾಗೆಯೇ ಉಳಿಯಬಹುದು. ಪ್ರತಿಯೊಬ್ಬರ ಪಾತ್ರ ನೋಡಿ ಕೆಲವರ ಶಿಕ್ಷೆ ಉಳಿದು ಹಲವರು ಬಿಡುಗಡೆಯಾಗಬಹುದು. ಎಲ್ಲರೂ ಖುಲಾಸೆಯಾಗಬಹುದು. ಎರಡನೆಯದು ಸಂಭವಿಸಿದರೆ ಅದನ್ನು ಸೋಲೆಂದು ಓದುವ ಅಪಾಯ ಹೆಚ್ಚು. ಹತ್ತು ಜನರ ಅಪರಾಧ ಹೈಕೋರ್ಟಿನಲ್ಲೂ ಗಟ್ಟಿಯಾಗಿ ನಿಂತರೆ ಅದು ಕಂಬಾಲಪಲ್ಲಿಗಿಂತ ಬಹಳ ಮುಂದಿನ ಹೆಜ್ಜೆ. ಸುಪ್ರೀಂ ಕೋರ್ಟಿನ ಬಾಗಿಲು ಆಮೇಲೂ ತೆರೆದಿರುತ್ತದೆ, ಎರಡೂ ಕಡೆಯವರಿಗೆ. ಕೇರಿಯ ಜನರಿಗೆ ಇದನ್ನು ತೀರ್ಪು ಬಂದ ದಿನ ಹೇಳಿದರೆ ತಲೆಗೆ ಹತ್ತುವುದಿಲ್ಲ, ಈಗಲೇ ಹೇಳಿಡಬೇಕು. ನಿರೀಕ್ಷೆ ಅಳತೆಯಲ್ಲಿದ್ದರೆ ಬೀಳುವ ಎತ್ತರ ಕಡಿಮೆ.

ಜಿಲ್ಲೆಗಳಲ್ಲಿ ಒಂದು ಬದಲಾವಣೆ ಆಗಿದೆ. ಹಿಂದೆ ಸ್ವತಃ ಪ್ರಕರಣ ದಾಖಲಿಸುವ ಅಧಿಕಾರವಿಲ್ಲದಿದ್ದ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ 2025ರಲ್ಲಿ ವಿಶೇಷ ಪೊಲೀಸ್ ಠಾಣೆಗಳ ಬಲ ಬಂತು. ಊರಿನ ಠಾಣೆ ರಾಜಿಗೆ ಒತ್ತಾಯಿಸಿದರೆ ಹೋಗಲು ಇನ್ನೊಂದು ಬಾಗಿಲಿದೆ. ರಾಷ್ಟ್ರೀಯ ಸಹಾಯವಾಣಿ 14566ಕ್ಕೂ ದೂರು ಹೇಳಬಹುದು. ಆದರೆ ವಿಶೇಷ ಠಾಣೆ ಇರುವುದು ಜಿಲ್ಲಾ ಕೇಂದ್ರದಲ್ಲಿ, ದೂರುದಾರ ಇರುವುದು ಗಡಿಹಳ್ಳಿಯಲ್ಲಿ. ಸಿಬ್ಬಂದಿ ಮತ್ತು ವಾಹನ ಸಾಲದಿದ್ದರೆ ಇದೂ ಕಾರ್ಯಕರ್ತರ ಓಡಾಟದ ಪಟ್ಟಿಗೆ ಸೇರುವ ಮತ್ತೊಂದು ಊರಾದೀತು.

ಸಂಘಟನೆಗಳೇ ಮಾಡಿಕೊಳ್ಳಬಹುದಾದದ್ದೂ ಇದೆ. ಒಂದು ಪ್ರಕರಣಕ್ಕೆ ಒಬ್ಬರೇ ಜವಾಬ್ದಾರರಾಗಿರುವ ಪದ್ಧತಿ ಬಿಟ್ಟು, ತಾರೀಖಿಗೆ ಹೋಗುವವರು, ಕಚೇರಿಗೆ ಓಡಾಡುವವರು, ಕುಟುಂಬದ ಜೊತೆಗಿರುವವರು ಬೇರೆಯಾದರೆ ಯಾರೊಬ್ಬರೂ ಮಲಗಿಬಿಟ್ಟರೂ ಪ್ರಕರಣ ಮಲಗುವುದಿಲ್ಲ. ಒಳಮೀಸಲಾತಿಯ ವಿಷಯದಲ್ಲಿ ಬೇರೆ ಪೆಂಡಾಲಿನಲ್ಲಿ ಕೂತವರು ದೌರ್ಜನ್ಯದ ಪ್ರಕರಣದಲ್ಲಿ ಒಟ್ಟಿಗೆ ಇರುವುದಾಗಿ ಬರೆದು ಒಪ್ಪಿಕೊಳ್ಳಬಹುದು. ಇದು ಹೇಳಿದಷ್ಟು ಸುಲಭವಲ್ಲ, ಆದರೆ ಎರಡೂ ಕಡೆಯ ಕಾರ್ಯಕರ್ತರು ಒಂದೇ ಠಾಣೆಯ ಮೆಟ್ಟಿಲು ಹತ್ತುತ್ತಿರುವಾಗ ಅಸಾಧ್ಯವೂ ಅಲ್ಲ.

ಉಳಿದದ್ದು ಸರ್ಕಾರದ ಪಾಲು, ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ನಿಯಮದಲ್ಲೇ ಇದೆ, ಅದರಲ್ಲಿ ಅಧಿಕಾರಿಗಳಲ್ಲದ ಸದಸ್ಯರೂ ಇರುತ್ತಾರೆ. ಸಭೆಯ ಮುಂದೆ ಸಾಮಾನ್ಯವಾಗಿ ಬರುವುದು ಪ್ರಕರಣಗಳ ಸಂಖ್ಯೆ ಮತ್ತು ಪರಿಹಾರದ ಮೊತ್ತ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸದಸ್ಯರು ಮುಂದಿನ ಸಭೆಯಲ್ಲಿ ಇನ್ನು ಮೂರು ಅಂಕಣಗಳನ್ನು ಕೇಳಿ ಪಡೆಯಬೇಕು: ಎಷ್ಟು ಸಾಕ್ಷಿಗಳಿಗೆ ಪ್ರಯಾಣಭತ್ಯೆ ಅದೇ ದಿನ ಕೈಗೆ ಸಿಕ್ಕಿತು, ಕಬ್ಬಿನ ಹಂಗಾಮಿನಲ್ಲಿ ಸಮನ್ಸ್ ತಲುಪದೆ ಎಷ್ಟು ಪ್ರಕರಣ ಮುಂದೂಡಲ್ಪಟ್ಟವು, ದೂರುದಾರರು ಮತ್ತು ಅವರಿಗೆ ನೆರವಾದವರ ಮೇಲೆ ಎಷ್ಟು ಪ್ರತಿದೂರು ದಾಖಲಾದವು. ಮೂರಕ್ಕೂ ಬೇಕಾದ ಕಾಗದಗಳು ಈಗಾಗಲೇ ಅದೇ ಜಿಲ್ಲೆಯ ಠಾಣೆ, ನ್ಯಾಯಾಲಯ ಮತ್ತು ಸಮಾಜ ಕಲ್ಯಾಣ ಕಚೇರಿಗಳಲ್ಲಿವೆ.